ನಿಂತ ಸಾಲು

ನಮ್ಮ ಲಿಪಿ ಮಲಗುವುದಿಲ್ಲ.
ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ,
ಡೇರೆಯ ನಡುಗಂಬದ ಹಾಗೆ.
ಪ್ರತಿ ಪದಕ್ಕೂ ಒಂದು ಬೆನ್ನುಮೂಳೆ,
ಅದಕ್ಕೆ ಹಲ್ಲು, ಹೊಟ್ಟೆ, ಮೊಣಕಾಲು, ಕೊನೆಗೆ ಬಾಲ:
ಗೀಟುಗಳನ್ನು ನಾವು ಕರೆಯುವುದೇ ಹಾಗೆ,
ಅಕ್ಷರವಲ್ಲ, ಕುದುರೆಯೇನೋ ಎಂಬಂತೆ.

ಸಾಫ್ಟ್‌ವೇರಿಗೆ ಇದು ಗೊತ್ತಿಲ್ಲ.
ಅದಕ್ಕೆ ಹೆಸರೆಂದರೆ ಅಡ್ಡ ಬಿದ್ದದ್ದು,
ಹೊಗೆಯಂತೆ ಮೇಲಕ್ಕೆ ಏರಿ ಹೋಗುವುದು.
ಉಲಾನ್‌ಬಾತರಿನ ಜನವರಿಯಲ್ಲಿ
ಏರುವ ಹೊಗೆ ನಮಗೆ ಸಾಕಷ್ಟಿದೆ.
ನಾನು ಕುಂಚದಲ್ಲಿ ಬರೆದು, ಸ್ಕ್ಯಾನ್ ಮಾಡಿ,
ಒಂದೊಂದನ್ನೂ ಬಲದಂಚಿನಿಂದ ಒಳಕ್ಕೆ ನಡೆಸುತ್ತೇನೆ,
ಎಡಕ್ಕೆ, ಎಡಕ್ಕೆ,
ಚಳಿಗಾಲದ ಬೀಡಿಗೆ ಹೊರಟ ಒಂಟೆಗಳ ಹಾಗೆ.

ಈ ಚಿತ್ರ ಹನ್ನೊಂದು ನಿಮಿಷದ್ದು.
ಶೀರ್ಷಿಕೆಗೆ ಏಳು ಸೆಕೆಂಡು ಅಂದ ಬ್ಯಾಂಬದೋರ್ಜ್.
ಒಂಬತ್ತು ಕೇಳಿದೆ. ಎಂಟಕ್ಕೆ ಕುದುರುವಷ್ಟರಲ್ಲಿ
ಹಾಲುಚಹಾ ಆರಿ ಕೆನೆಗಟ್ಟಿತು.
ಧ್ವನಿಯ ಸಾರಂಚಿಮೆಗ್‌ಳದು ಉದ್ದ ಹೆಸರು,
ಪರದೆ ಸಾಲದೆ ಬಾಲ ತುಸು ಮಡಿಸಿದೆ.

ಹೊತ್ತಿಗೆ ನನ್ನದೊಂದು ಅಳತೆ ಇದೆ:
ಆ ಹೆಸರಿನವರ ತಾಯಿ
ಬಾಗಿಲಲ್ಲಿ ನಿಂತು ಎರಡು ಸಲ ಕರೆಯುವಷ್ಟು.
ಮೊದಲ ಸಲ ಯಾರಿಗೂ ಕೇಳಿಸದು.
ಎರಡನೆಯದಕ್ಕೆ ತಿರುಗಿ ನೋಡುತ್ತಾರೆ.

ಪಟ್ಟಿಯ ಕೊನೆಗೆ, ಚಾಲಕ: ನೆರ್ಗುಯ್.
ಹಾಗೆಂದರೆ ಹೆಸರಿಲ್ಲ.
ಅವನಿಗಿಂತ ಮೊದಲಿನ ಮೂವರು ಉಳಿಯಲಿಲ್ಲವಂತೆ.
ಹುಡುಕಿ ಬರುವ ಕೆಟ್ಟ ಗಾಳಿಗೆ
ಇಲ್ಲಿ ಯಾರೂ ಇಲ್ಲ ಎಂದು ಸುಳ್ಳು ಹೇಳಲು
ಅವ್ವ ಇಟ್ಟದ್ದು. ಸುಳ್ಳು ಫಲಿಸಿತು.
ಈಗ ಅರವತ್ತೆರಡು. ಹಳೆಯ ರಷ್ಯನ್ ವ್ಯಾನು.
ಮೈನಸ್ ಮೂವತ್ತೊಂದರಲ್ಲಿ ಇಂಜಿನ್ನಿನ ಹೊಟ್ಟೆಗೆ ಬೆಂಕಿ ತೋರಿಸಿ ಎಬ್ಬಿಸಿದವ,
ಕ್ಯಾಮೆರಾದ ಬ್ಯಾಟರಿಗಳನ್ನು ನಿಲುವಂಗಿಯೊಳಗೆ
ಕುರಿಮರಿಗಳಂತೆ ಎದೆಗವಚಿ ಮಲಗಿದವ.

ಉಪಶೀರ್ಷಿಕೆ ಬರೆಯುವ ಬರ್ಲಿನ್ನಿನ ಹುಡುಗ
ಪಟ್ಟಿ ತಿರುಗಿ ಕಳಿಸಿದ:
‘ಚಾಲಕನ ಹೆಸರು ಸಿಗಲಿಲ್ಲವೆಂದು ಕಾಣುತ್ತದೆ.
ಸಾಲು ತೆಗೆದಿದ್ದೇನೆ.’

ನಕ್ಕೆ. ಆಮೇಲೆ ನಗು ಬರಲಿಲ್ಲ.
ಫೋನ್ ಮಾಡಿದೆ. ಎಲ್ಲೋ ದಾರಿಯಲ್ಲಿದ್ದ, ಬರೀ ಗಾಳಿ.
‘ತೆಗೆದದ್ದು ಒಳ್ಳೆಯದೇ ಆಯಿತಲ್ಲ ಮಗಳೇ,
ಇಷ್ಟು ವರ್ಷ ತಪ್ಪಿಸಿಕೊಂಡಿದ್ದೇನೆ,
ಈಗ ಅಷ್ಟು ದೊಡ್ಡ ಬೆಳಕಿನಲ್ಲಿ ಬರೆದು
ಇಲ್ಲಿದ್ದಾನೆ ಅಂತ ತೋರಿಸುತ್ತೀಯಾ?’
ತಮಾಷೆಯೋ ಏನೋ, ಸಿಗ್ನಲ್ ಕಡಿಯಿತು.

ಎರಡು ಗಂಟೆ ರಾತ್ರಿಯವರೆಗೆ ಕುಂಚ ಒಣಗಿಸಿಕೊಂಡು ಕೂತೆ.
ಕೊನೆಗೆ ಬರೆದೆ,
ಪರದೆಯ ಕಪ್ಪಿಗಿಂತ
ಒಂದೇ ಒಂದು ಮೆಟ್ಟಿಲು ತೆಳುವಾದ ಕಪ್ಪಿನಲ್ಲಿ.

ಪ್ರದರ್ಶನದ ದಿನ ಹೆಂಡತಿಯ ಜೊತೆ ಕೊನೆಯ ಸಾಲಿನಲ್ಲಿದ್ದ.
ಎಲ್ಲರ ಹೆಸರೂ ನಡೆದು ಹೋದವು.
ಜನ ಎದ್ದು ಕೋಟಿನ ತೋಳು ಹುಡುಕುತ್ತಿದ್ದರು,
ಆಗ ಕತ್ತಲಲ್ಲಿ ಏನೋ ದಾಟಿತು,
ಅಥವಾ ದಾಟಲಿಲ್ಲ.
ನೆರ್ಗುಯ್ ಟೋಪಿ ತೆಗೆದ, ಮತ್ತೆ ಹಾಕಿಕೊಂಡ.
ಹಿಂದೆ ಬಾಗಿಲ ಕಡೆ
ತಿರುಗಿ ನೋಡಿದ.