ಎರಡನೆಯ ಗಡಿಯಾರ

ಅಮ್ಮತ್ತಿಯ ಹಳೇ ಕಾಫಿ ಕ್ಯೂರಿಂಗ್ ವರ್ಕ್ಸಿಗೆ
ಯುರೋಪಿನ ವಿಶ್ವವಿದ್ಯಾಲಯ ಬಂದು ಕೂತಾಗ
ಮೊದಲು ಬಂದದ್ದು ಪುಸ್ತಕವಲ್ಲ, ಪ್ರೊಫೆಸರಲ್ಲ,
ಒಂದು ಗಡಿಯಾರ.
ಮರದ ಪೆಟ್ಟಿಗೆಯೊಳಗೆ ಹುಲ್ಲು ಸುತ್ತಿಕೊಂಡು
ಮೊಟ್ಟೆಯ ಹಾಗೆ.

ನಮ್ಮ ಗಡಿಯಾರದ ಪಕ್ಕಕ್ಕೇ ಅದಕ್ಕೂ ಮೊಳೆ ಹೊಡೆದರು.
ಕೆಳಗೆ ಚೀಟಿ: ಇದು ಇಲ್ಲಿ, ಅದು ತಾಯಿ ಕ್ಯಾಂಪಸ್ಸು.
ನಾಲ್ಕೂವರೆ ಗಂಟೆ ಹಿಂದೆ ನಡೆಯುವ ತಾಯಿ,
ಮುಂದೆ ಓಡುವ ಮಗು.

ನಾನು ಫಿಲೋಮಿನಾ, ಅಟೆಂಡರ್.
ಹದಿನಾರರ ವಯಸ್ಸಿನಲ್ಲಿ ಇದೇ ಹಾಲಿನಲ್ಲಿ ಕೂತು
ಕಾಳು ಆರಿಸುತ್ತಿದ್ದವಳು.
ಎ ಒಂದು ಕಡೆ, ಬಿ ಒಂದು ಕಡೆ,
ಪೀಬೆರಿ ಬೇರೆ, ಕರಿಕಾಳು ಬುಟ್ಟಿಗೆ.
ಮೂಟೆಗಳು ಮಂಗಳೂರಲ್ಲಿ ಹಡಗು ಹತ್ತಿ
ಅವರ ಊರಿಗೇ ಹೋಗುತ್ತಿದ್ದವಂತೆ.
ಈಗ ಎ, ಬಿ, ಸಿ ಅಲ್ಲಿಂದ ಬರುತ್ತವೆ
ಮಕ್ಕಳ ಹೆಸರಿನ ಮುಂದೆ.
ಕರಿಕಾಳಿಗೆ ಅವರು ಏನೋ ಮೆತ್ತಗಿನ ಪದ ಇಟ್ಟಿದ್ದಾರೆ.

ಮಾರ್ಚಿನ ಕೊನೆಯ ಭಾನುವಾರ
ಬಲಿಪೂಜೆ ಮುಗಿಸಿ ಬಂದು ಸ್ಟೂಲು ಹತ್ತಿ
ಅವರ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಳ್ಳುವುದು ನನ್ನ ಕೆಲಸ.
ಆ ಗಂಟೆ ಎಲ್ಲಿಗೆ ಹೋಯ್ತು, ಕೇಳಿದೆ ಮೊದಲ ವರ್ಷ.
ಯೋರಿಸ್ ಸಾಹೇಬರು ನಕ್ಕರು:
ಸಾಲ ಅಂದುಕೋ, ಅಕ್ಟೋಬರಿನಲ್ಲಿ ಕೊಟ್ಟುಬಿಡುತ್ತೇವೆ.
ಕೊಟ್ಟರು ಕೂಡ. ಬಡ್ಡಿ ಇಲ್ಲ, ಅಸಲು ಪೂರ್ತಿ.
ನಮ್ಮ ಸೊಸೈಟಿಯ ಸಾಲಗಾರರಿಗಿಂತ ವಾಸಿ ಅಂದ
ವಾಚ್‌ಮನ್ ಚಿಣ್ಣಪ್ಪ.
ಬೇಸಿಗೆಗೆ ಒಂದು ಗಂಟೆ ಹತ್ತಿರ ಬರುತ್ತಾರೆ,
ಚಳಿಗೆ ದೂರ ಸರಿಯುತ್ತಾರೆ.
ಬಂಧುಗಳೂ ಹಾಗೇ ಅಲ್ಲವೆ.

ಅಲ್ಲಿ ಹಿಮ ಬಿದ್ದರೆ ಇಲ್ಲಿ ಪರದೆ ಸುಮ್ಮನಾಗುತ್ತಿತ್ತು,
ಕಾಫಿ ಒಣಗಿಸುತ್ತಿದ್ದ ಕಣದ ಬಿಸಿಲಲ್ಲಿ ಕೂತು
ಮಕ್ಕಳು ಹಿಮದ ರಜೆ ಕಳೆಯುತ್ತಿದ್ದರು.
ಇಲ್ಲಿ ಗೇಟಿನೆದುರು ಆನೆ ನಿಂತ ಬೆಳಿಗ್ಗೆ
ಅವರ ಫಾರಮಿನಲ್ಲಿ ಆನೆಗೆ ಜಾಗವಿರಲಿಲ್ಲ.
ಹಿಮ. ಮುಷ್ಕರ. ರೈಲು ತಡ. ಇತರೆ.
ಇತರೆಗೆ ಗುರುತು ಹಾಕಿದೆ.
ಇತರೆ ಹಲಸಿನ ಮರಕ್ಕೆ ಬೆನ್ನು ಉಜ್ಜಿಕೊಂಡು
ಹನ್ನೊಂದಕ್ಕೆ ಹೊರಟುಹೋಯಿತು.

ಪುತ್ತರಿಯ ರಾತ್ರಿ ಸಾಹೇಬರನ್ನು
ಚಿಣ್ಣಪ್ಪನ ಗದ್ದೆಗೆ ಕರೆದೊಯ್ದೆವು.
ಎಂಟು ನಲವತ್ತಕ್ಕೆ ಕದಿರು ತೆಗೆಯಬೇಕು,
ಒಂದು ನಿಮಿಷ ಆಚೀಚೆ ಇಲ್ಲ.
ಈ ಸಮಯ ಯಾರು ಹೇಳಿದ್ದು?
ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ನೋಡಿ ಹೇಳುತ್ತಾರೆ,
ನಾಡಿಗೆಲ್ಲ.
ಸಾಹೇಬರು ಕೈಗಡಿಯಾರ ನೋಡಿಕೊಂಡರು, ಚಂದ್ರನನ್ನು ನೋಡಿದರು,
ಕೋವಿಯ ಸದ್ದಿಗೆ ಬೆಚ್ಚಿಬಿದ್ದರು.
ಆಮೇಲೆ ಮೆಲ್ಲಗೆ:
ಹಾಗಾದರೆ ನಿಮಗೂ ಒಂದು ತಾಯಿ ಕ್ಯಾಂಪಸ್ಸು ಇದೆ.

ಐದನೆಯ ವರ್ಷ, ಜುಲೈಯಲ್ಲಿ, ಪತ್ರ.
ಎರಡು ಪುಟ. ವಿಷಾದ ಮೂರು ಸಲ.
ಹೊಸಬರನ್ನು ಸೇರಿಸುವುದಿಲ್ಲ,
ಇದ್ದವರು ಮನೆಯಲ್ಲೇ ಕೂತು ಪರದೆಯಲ್ಲಿ ಓದಿ ಮುಗಿಸಲಿ.
ಕೊಡ್ಲಿಪೇಟೆಯ ರಫಿಯಾ ನೋಟೀಸನ್ನು ನಿಂತೇ ಓದಿ
ಸೀದಾ ಲೈಬ್ರರಿಗೆ ಹೋಗಿ
ಒಂದು ದಿನ ತಡವಾದ ಪುಸ್ತಕಕ್ಕೆ ಐದು ರೂಪಾಯಿ ದಂಡ ಕಟ್ಟಿದಳು.
ರಸೀದಿ ಕೇಳಿ ತೆಗೆದುಕೊಂಡಳು.

ಆಗಸ್ಟಿನಲ್ಲಿ ಮೇಜು ಕುರ್ಚಿ ಹರಾಜು.
ಗಡಿಯಾರಕ್ಕೆ ಯಾರೂ ಕೂಗಲಿಲ್ಲ.
ಬೇರೆಯವರ ಹೊತ್ತು ತೋರಿಸುವುದು ಯಾರಿಗೆ ಬೇಕು?
ಹಳೇ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು
ಮನೆಗೆ ತಂದೆ.
ದಾರಿಯುದ್ದಕ್ಕೂ ಟಿಕ್ ಟಿಕ್. ಕಂಡಕ್ಟರು ಒಂಥರಾ ನೋಡಿದ.

ಅಕ್ಟೋಬರಿನ ಕೊನೆಯ ಭಾನುವಾರ ಬಂತು.
ಸ್ಟೂಲು ಹಾಕಿದೆ, ಹತ್ತಿದೆ,
ಬೆರಳು ಮುಳ್ಳಿನವರೆಗೂ ಹೋಯಿತು.
ಇಳಿದುಬಿಟ್ಟೆ.

ಕೊಡಬೇಕಾದವರು ಬಂದು ಕೊಡಲಿ.
ಅವರ ಲೆಕ್ಕದಲ್ಲಿ ಅವರೀಗ ನಾಲ್ಕೂವರೆ ಗಂಟೆ ದೂರ.
ನನ್ನ ಗೋಡೆಯ ಮೇಲೆ
ಇನ್ನೂ ಮೂರೂವರೆ.