ಅಣ್ಣಿಗೇರ್ಯಾಗ ಇಳಿಯೋರು

ಬೆಟಗೇರಿ ಶಾದಿಮಹಲಿನ್ಯಾಗ ರವಿವಾರ ಹಜ್ಜಿನ ಸಾಲಿ.
ನಡುವ ಫ್ರಿಜ್ಜಿನ ಖಾಲಿ ಡಬ್ಬಿ ನಿಲ್ಲಿಸಿ
ಕರೇ ಅರಿವಿ ಹೊಚ್ಚ್ಯಾರ.
ಒಂದು ಗೇಣು ಅರಿವಿ ಸಾಲದ
ಕೆಳಗ ಕಾಣತೈತಿ ಗಾಜಿನ ಲೋಟದ ಚಿತ್ರ:
ಒಡೆಯೋ ಸಾಮಾನು, ಜ್ವಾಕಿ.

ಕಲಿಸಾವ ದಾವಲಸಾಬ ಯಲಿಗಾರ.
ಮೌಲಾನಾ ಅಲ್ಲ. ಮೂವತ್ತೆರಡು ವರ್ಷ
ಗದಗ–ಹುಬ್ಬಳ್ಳಿ ಬಸ್ಸಿನ ಕಂಡಕ್ಟರ.
ಮೌಲಾನಾರು ಉರ್ದುದಾಗ ಹೇಳಿ ಹ್ವಾದಮ್ಯಾಲೆ
ತಿಳೀದ ಕುಂತ ನಮ್ಮಂಥ ಪಿಂಜಾರ ಮಂದಿಗೆ
ಕನ್ನಡದಾಗ ಬಿಡಿಸಿ ಹೇಳಾವ.

"ಊರು ಒಂದ, ಟಿಕೇಟು ಮೂರು," ಅಂದ.
"ತಮತ್ತು ಅಂದ್ರ ಮೊದಲು ಅಣ್ಣಿಗೇರಿತನಕ. ಅದು ಉಮ್ರಾ.
ಇಳೀರಿ. ಕೂದಲ ತುದಿ ಕತ್ತರಿಸ್ರಿ,
ಇಹ್ರಾಮ ಬಿಡ್ರಿ, ಅತ್ತರ ಹಚ್ಚಿಕೊಳ್ರಿ, ಚಾ ಕುಡೀರಿ.
ಎಂಟನೇ ತಾರೀಖಿಗೆ ಹೊಸಾ ಟಿಕೇಟು, ಮತ್ತ ಇಹ್ರಾಮ,
ಅದು ಹಜ್ಜು. ನಮ್ಮ ಕಡೇವರು ಹೋಗೋದು ಹೆಚ್ಚಾಗಿ ಹಿಂಗ.
ಕಿರಾನ್ ಅಂದ್ರ ಸೀದಾ ಹುಬ್ಬಳ್ಳಿಗೆ ಒಂದ ಟಿಕೇಟು.
ಅಣ್ಣಿಗೇರ್ಯಾಗ ಬಸ್ಸು ನಿಲ್ಲತೈತಿ, ನೀವು ಇಳಿಯಂಗಿಲ್ಲ.
ಉಮ್ರಾ ಮುಗಿದ್ರೂ ಇಹ್ರಾಮಿನ್ಯಾಗ ಇರಬೇಕು,
ಉಗುರು ತಗಿಯಂಗಿಲ್ಲ, ಹೇನು ಸೈತ ಕೊಲ್ಲಂಗಿಲ್ಲ.
ಇಫ್ರಾದ್, ನಾನ್‌ಸ್ಟಾಪ್.
ಅಣ್ಣಿಗೇರಿ ಕಿಡಕ್ಯಾಗ ಕಂಡು ಹೋಕ್ಕೈತಿ."

ಬರೇ ಉಮ್ರಾ ಮಾಡಬೇಕಂದ್ರ?
"ಅದಕ್ಕ ತಾಸಿಗೊಂದು ಬಸ್ಸು.
ಹಜ್ಜಿಂದು ವರ್ಷಕ್ಕ ಒಂದ.
ಒಂಬತ್ತಕ್ಕ ಅರಫಾತ ತಪ್ಪಿತೋ, ಡಿಪೋಕ್ಕ ಹ್ವಾದಂಗ."

"ಮದೀನಾ?" ಅಂದ್ಲು ಹಿಂದ ಕುಂತ ಹುಸೇನಬಿ.
ಅವ ಟೊಪಗಿ ಸರಿ ಮಾಡಿಕೊಂಡ.
"ಅದು ಜಿಯಾರತ್, ತಂಗಿ. ಹಜ್ಜಿನ ಲೆಕ್ಕದಾಗಿಲ್ಲ.
ಆದ್ರ ಆ ಬಾಗಲದಾಗ ಸಲಾಮು ಹೇಳದ
ತಿರುಗಿ ಬಂದಾವನ್ನ ನಾ ಇನ್ನೂ ನೋಡಿಲ್ಲ."

ನಾವು ನಾಕು ಹೆಣ್ಮಕ್ಕಳು ಕೂಡಿ ಫಾರಂ ತುಂಬೇವಿ.
ಅದಕ್ಕೂ ಮೊದಲು ನನ್ನ ಗಂಡ ತುಂಬಿದ್ದ.
ಗಾದಿ ಬಡದು ಬಡದು ರೊಕ್ಕ ಕೂಡಿಸಿದಾವ,
ಬಿಳೇ ಪಡದೆ ಮುಂದ ನಿಂತು ಫೋಟೋ ತಗಿಸಿದಾವ.
ಎದಿತುಂಬ ಹತ್ತಿ ಧೂಳು.
ಚೀಟಿ ಎತ್ತೂದ್ರೊಳಗ ಹ್ವಾದ.
"ಅವನ ಹೆಸರಿಲೆ ನಾ ಹೋಗಬೋದೇನ್ರಿ?"

"ಹಜ್-ಎ-ಬದಲ್ ಅಂತಾರ ಅದಕ್ಕ," ಅಂದ. "ಹೋಗಬೋದು.
ಆದ್ರ ಮೊದಲು ನಿಂದು ಆಗಿರಬೇಕು, ಜೈತುನಬಿ.
ನಿನ್ನ ಟಿಕೇಟಿಲ್ಲದ
ಇನ್ನೊಬ್ಬರ ಸೀಟಿಗೆ ಟಾವೆಲ್ ಒಗಿಯಾಕ ಬರಂಗಿಲ್ಲ."

ಎರಡು ಹಜ್ಜಿನ ರೊಕ್ಕ ನನ್ನ ಕಡೆ ಇಲ್ಲ
ಅಂತ ನಾ ಅನ್ನಲಿಲ್ಲ.
ಮಂದಿ ಕಿಸೆ ನೋಡಿ ಚಿಲ್ಲರಿ ಹೇಳೋ ಮನಷ್ಯಾ, ತಿಳಕೊಂಡ.
"ತಮತ್ತು ಮಾಡು," ಅಂದ. "ಅಣ್ಣಿಗೇರ್ಯಾಗ ಇಳೀತೀಯಲ್ಲ,
ಆ ನಡುವ, ಅವನ ಹೆಸರಿಲೆ ಒಂದು ಉಮ್ರಾ.
ಹಜ್ಜಿನ ಬದಲಿ ಅಲ್ಲ ಅದು. ಆದ್ರ ಅವಗ ಮುಟ್ಟತೈತಿ."

"ನಿಮ್ಮದು ಯಾವ ನಮೂನಿ ಆತ್ರಿ?"
ಕೇಳಬಾರದಿತ್ತೋ ಏನೋ.
ಬೆರಳ ತುದಿ ನಾಲಿಗಿಗೆ ಹಚ್ಚಿದ,
ಟಿಕೇಟು ಹರಿಯಾವರಂಗ.
"ಕಂಡಕ್ಟರಗ ಟಿಕೇಟು ಎಲ್ಲೈತಿ?"

ಅಷ್ಟೊತ್ತಿಗೆ ಹುಡುಗೂರು ಡಬ್ಬಿ ಸುತ್ತ
ತಿರುವು ಮುರುವು ಓಡಾಕ ಹತ್ತಿದ್ದುವು.
"ಎಡಕ್ಕ! ಕಾಬಾ ಎಡಕ್ಕಿರಬೇಕ್ರೋ!"
ಮೂವತ್ತೆರಡು ವರ್ಷ ರೈಟ್ ರೈಟ್ ಅಂದ ಬಾಯಿ
ಒದರಿ ಒದರಿ ಸೋತಿತು.

ಮನಿಗೆ ಬಂದು ಅವನ ಗಾದಿ ಬಿಚ್ಚಿದೆ.
ಹತ್ತಿ ಗಂಟಾಗಿತ್ತು, ಒಂದು ಮಗ್ಗಲ ತಗ್ಗು.
ಹೆಂಗಸರಿಗೆ ಹೊಲಿದ ಅರಿವಿ ನಡೀತೈತಿ,
ಗಂಡಸರ ಇಹ್ರಾಮಿಗೆ ಹೊಲಿಗಿ ಇರಬಾರದಂತ.
ನಾಕೂ ಕಡೆ ದಾರ ಕಿತ್ತಿದ್ದೆ.
ಎರಡು ತುಂಡು ಬಿಳೇ ಅರಿವಿ ನೆಲದಮ್ಯಾಲೆ ಬಿದ್ದಿತ್ತು.
ಒಗದು, ಒಣಗಿಸಿ, ಮಡಚಿಟ್ಟೆ.