ಹುತ್ತದ ಮಣ್ಣು

ಹೊಳೆದಂಡೆಯ ಮಣ್ಣು ಬೇಡ ಪಾದ್ರಿಗಳೇ, ಬಿರಿಯುತ್ತದೆ,
ಗೆದ್ದಲು ಅಗಿದು ಉಗುಳಿದ್ದು ಬೇಕು ಇಟ್ಟಿಗೆಗೆ
ಎಂದವನು ನಾನು.
ಫಾದರ್ ಹುಯ್‌ಬರ್ಟ್ ಡಚ್ಚಿನಲ್ಲಿ ಏನೋ ಗೊಣಗಿ
ಹುತ್ತಕ್ಕೆ ಮೊದಲ ಗುದ್ದಲಿ ಹಾಕಿದರು. ಕಾವು ಮುರಿಯಿತು.

ಆಗ ಇಲ್ಲಿ ಏನಿತ್ತು? ಕುಷ್ಠರೋಗಿಗಳ ಹಳೆಯ ಶೆಡ್ಡು ಎರಡು,
ಒಂದು ಮಾವಿನ ಮರ, ಅದಕ್ಕೆ ನೇತುಬಿಟ್ಟ ಲಾರಿ ಚಕ್ರದ ಬಳೆ.
ಸಿಸ್ಟರ್ ಫೆಲಿಸ್ಟಾ ಕಬ್ಬಿಣದ ತುಂಡಿನಿಂದ ಬಡಿದರೆ
ಪೂಜೆಗೂ ಅದೇ ಗಂಟೆ, ಪಾಠಕ್ಕೂ ಅದೇ, ಊಟಕ್ಕೂ ಅದೇ.
ಮೂವತ್ತೊಂಬತ್ತು ಮಂದಿ. ಒಂದು ಕೊಪ್ಪರಿಗೆ ಮೆಕ್ಕೆಜೋಳದ ನ್ಸಿಮಾ
ಎಲ್ಲರಿಗೂ ಬಡಿಸಿ ನಾಯಿಗೂ ಉಳಿಯುತ್ತಿತ್ತು.

ಒಂದು ಭಟ್ಟಿಗೆ ಇಪ್ಪತ್ತು ಸಾವಿರ.
ಐದು ರಾತ್ರಿ ಬೆಂಕಿ ಕಾಯಬೇಕು, ಬಾಣಂತಿಯನ್ನು ಕಾದ ಹಾಗೆ.
ಮೊದಲನೆಯದು ಹಸಿಯಿರುವಾಗಲೇ ಮಳೆಗೆ ಕರಗಿ ಕೆಂಪು ನೀರಾಗಿ ಹರಿಯಿತು.
ಫಾದರ್ ನಿಲುವಂಗಿ ಎತ್ತಿಕೊಂಡು ಅದರಲ್ಲೇ ನಿಂತು ನಕ್ಕರು.
ನಾನು ಅಳುತ್ತಿದ್ದೆ, ಕೂಲಿ ಇಟ್ಟಿಗೆಯ ಲೆಕ್ಕಕ್ಕೆ ತಾನೇ.
ಕೊಟ್ಟರು, ಆಮೇಲೆ. ಅರ್ಧ.

ಎರಡನೆಯ ಭಟ್ಟಿ ಗ್ರಂಥಾಲಯ. ನಾಲ್ಕನೆಯದು ದಾದಿಯರ ಕಾಲೇಜು.
ಏಳೋ ಎಂಟೋ, ಕಾನೂನು ಕಲಿಸುವ ಕಡೆ.
ಅಲ್ಲಿಂದಾಚೆ ಎಣಿಸಲಿಲ್ಲ. ಬ್ಲಾಂಟೈರಿನಿಂದ ಸಿಮೆಂಟು ಬಂತು,
ಗಾಜು ಬಂತು, ಗೇಟು ಬಂತು,
"ಯಾರನ್ನು ನೋಡಬೇಕು, ಅಜ್ಜ?" ಎಂದು ಕೇಳಲು ಗೇಟಿಗೊಬ್ಬ ಬಂದ.
ನಾಲ್ಕು ಸಾವಿರ ಮಕ್ಕಳಂತೆ ಈಗ.
ನಮ್ಮ ಜೋಳದ ಹೊಲಗಳ ಮೇಲೆ ಬಾಡಿಗೆ ಕೋಣೆಗಳು,
ಜೆರಾಕ್ಸ್ ಅಂಗಡಿ, ಸೈಕಲ್ ಟ್ಯಾಕ್ಸಿ, ಕರಿದ ಆಲೂಗಡ್ಡೆ.
ಆಲೂಗಡ್ಡೆ ಕರಿಯುವವನು ನನ್ನ ಮೊಮ್ಮಗ.
ಒಮ್ಮೆ ಒಳಗೆ ಹೋಗಿ ಫೀಜು ಎಷ್ಟೆಂದು ಕೇಳಿಕೊಂಡು ಬಂದಿದ್ದ.
ಕಟ್ಟಿದ್ದು ಗೆದ್ದಲು, ಸೇರಿದ್ದು ಹಾವು ಎನ್ನಲಾರೆ.
ಆ ಮಕ್ಕಳು ಹಾವಲ್ಲ. ದಾರಿಯಲ್ಲಿ ಕಂಡರೆ ಮಂಡಿ ಬಾಗಿಸುತ್ತಾರೆ.

ಹೋದ ಬೇಸಗೆಯಲ್ಲಿ ಒಬ್ಬಳು ಬಂದಳು, ಉತ್ತರದವಳು, ತಾವೊಂಗಾ.
ಕೈಯಲ್ಲಿ ಫೋನು, ಹೆಗಲಲ್ಲಿ ಮಣ್ಣಿನ ಚೀಲ.
ಹುತ್ತದ ಮಣ್ಣು ಯಾಕೆ ಬಿರಿಯುವುದಿಲ್ಲ ಎಂದು ಕೇಳಿದಳು.
ಯಾಕೆಂದು ನನಗೇನು ಗೊತ್ತು?
ಒಡೆದರೆ ಬೆಲ್ಲದ ಹಾಗೆ ಒಡೆಯಬೇಕು, ನಾಲಗೆಗೆ ಅಂಟಬೇಕು, ಅಷ್ಟೆ.
ಆಕೆ ನೆಕ್ಕಿದಳು. ಇಬ್ಬರೂ ನೆಕ್ಕಿದೆವು.

ಮುಲಾಂಜೆ ಬೆಟ್ಟಕ್ಕೆ ಮೋಡ ಕೂರುವ ಮೊದಲು ಪುಸ್ತಕ ತಂದಳು, ನೀಲಿ ರಟ್ಟಿನದು.
ಕೊನೆಯ ಹಾಳೆಯ ಹತ್ತಿರ ಬೆರಳಿಟ್ಟು ಓದಿದಳು:
"ಎವರಿಸ್ಟೊ ನಾಸೊಂಬೆ, ಇಟ್ಟಿಗೆಗಾರ, ಮೌಖಿಕ ಆಕರ."
ನಾಝೊಂಬೆ, ಎಂದೆ.
ನಾಲಗೆ ಕಚ್ಚಿಕೊಂಡಳು. ಬೇರೆ ಮುದ್ರಿಸುತ್ತೇನೆ ಅಂದಳು.
ಬೇಡ ಮಗಳೇ, ದುಡ್ಡು ದಂಡ.
ಪೆನ್ನು ತೆಗೆದು ಒಂದಕ್ಷರ ಹೊಡೆದು ಮೇಲೊಂದು ಬರೆದಳು.

ಆ ಪುಸ್ತಕ ಈಗ ಎರಡನೆಯ ಭಟ್ಟಿಯೊಳಗಿದೆ.
ಗೋಡೆಗೆ ಗಾರೆ ಮೆತ್ತಿ ಬಿಳಿ ಬಳಿದಿದ್ದಾರೆ,
ಬಾಗಿಲ ಬಳಿ ಹಣ ಕೊಟ್ಟವರ ಹೆಸರಿನ ಕಲ್ಲು.
ಗಾರೆಯ ಅಡಿಯಲ್ಲಿ, ಅಚ್ಚಿನಿಂದ ಬಿಡಿಸುವಾಗ
ಒಂದೊಂದರ ಹಸಿ ಮೈಗೂ ಬಿದ್ದದ್ದು ನನ್ನ ಹೆಬ್ಬೆಟ್ಟು.

ಹೆಬ್ಬೆಟ್ಟು ಒತ್ತುವವನು ಎಂದು ಬ್ಯಾಂಕಿನಲ್ಲಿ ನಗುತ್ತಾರೆ.
ಹೌದಪ್ಪ, ಒತ್ತಿದ್ದೇನೆ.
ಗ್ರಂಥಾಲಯವೊಂದರಲ್ಲೇ ಇಪ್ಪತ್ತು ಸಾವಿರ ಸಲ,
ಒಡೆದವನ್ನು ಬಿಟ್ಟು.